ನಿಶ್ಚಿತಾರ್ಥದಲ್ಲೊಂದು ಗ್ರಾಹಕ ಜಾಗೃತಿ

"ಈ ಸಲ ನಾನು ಕೊಡೋ ಫೈಲ್ ನೋಡಿ ವಿಶ್ವವಿದ್ಯಾಲಯದೋರು ಎದ್ದು ನಿಂತು ಚಪ್ಪಾಳೆ ಹೊಡೀಬೇಕು, ಹಂಗೆ ಮಾಡ್ತೀನಿ ನೋಡು" ಎಂದು ಗುರುಬಸವರಾಜ್ ಘೋಷಿಸಿದಾಗ ಅವರ ಹೆಂಡತಿ ಶಿವಲೀಲಾ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಅವರು ಎದ್ದು ನಿಲ್ಲೋದು ಆಮೇಲೆ. ಮೊದ್ಲು ನಮಗೆ ಕೂತು ಉಣ್ಣಾಕೆ ಜಾಗ ಬಿಡ್ರಿ" ಎಂದರು ಆಕೆ.

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊನ್ನಾಳಿಯ ಆ ಮನೆಯ ಊಟದ ಮೇಜಿನ ಮೇಲೆ ವಾರದಿಂದ ಊಟವೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ಗುರುಬಸವರಾಜ್ ಸಹಾಯಕ ಪ್ರಾಧ್ಯಾಪಕರಿಂದ ಸಹ ಪ್ರಾಧ್ಯಾಪಕರಾಗಲು ಹೊರಟಿದ್ದರು. ಹುದ್ದೆಯ ಹೆಸರಿನಿಂದ 'ಆಯಕ' ಎಂಬ ಮೂರಕ್ಷರ ಉದುರಬೇಕು, ಅಷ್ಟೇ. ಆದರೆ ಆ ಮೂರಕ್ಷರ ಉದುರಿಸಲು ಇಡೀ ಸೇವಾವಧಿಯನ್ನು ಪ್ಲಾಸ್ಟಿಕ್ ಹಾಳೆಗಳೊಳಗೆ ತುಂಬಿ ತೋರಿಸಬೇಕಿತ್ತು. ತರಬೇತಿ ಪಡೆದ ಪ್ರಮಾಣಪತ್ರ, ಬರೆದ ಲೇಖನ, ವಿದ್ಯಾರ್ಥಿಗಳ ಅಭಿಪ್ರಾಯ, ಫಲಿತಾಂಶ ಎಲ್ಲವೂ ಒಳಗೆ ಹೋಗಿ ಕೂತವು. ಒಂದೇ ಒಂದು ಹಾಳೆ ಬಾಯಿ ತೆರೆದುಕೊಂಡು ಖಾಲಿ ಉಳಿಯಿತು. 'ಸಾರ್ವಜನಿಕರಿಗೆ ನೀಡಿದ ಉಪನ್ಯಾಸ. ಬ್ಯಾನರ್ ಮತ್ತು ಸಭಿಕರು ಕಾಣುವಂತೆ ಛಾಯಾಚಿತ್ರ ಲಗತ್ತಿಸುವುದು.'

ಉಪನ್ಯಾಸವೇನೋ ಅವರು ಕೊಟ್ಟಿದ್ದರು. ಜಗಳೂರು ಕಡೆಯ ಬಿಳಿಚೋಡಿನಲ್ಲಿ ಕಾಲೇಜಿನ ಶಿಬಿರ ನಡೆದಾಗ ಊರಿನವರಿಗೆ ಗ್ರಾಹಕರ ಹಕ್ಕುಗಳ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದ್ದರು. ಮಾತಿನ ಭರದಲ್ಲಿ ಫೋಟೋ ತೆಗೆಸುವುದನ್ನೇ ಮರೆತಿದ್ದರು.

"ಬಿಳಿಚೋಡಿನೋರನ್ನ ಕೇಳ್ಲಿ ಬೇಕಾದ್ರೆ. ಸಾಕ್ಷಿ ಹೇಳ್ತಾರೆ."

"ಬಿಳಿಚೋಡಿನೋರನ್ನ ಪ್ಲಾಸ್ಟಿಕ್ ಹಾಳೆಯೊಳಗೆ ತುಂಬಾಕೆ ಬರುತ್ತಾ?" ಎಂದರು ಶಿವಲೀಲಾ.

ಫೈಲ್ ಕೊಡಲು ಸೋಮವಾರ ಕೊನೆಯ ದಿನ. ಕಾಲೇಜಿಗೆ ರಜೆ, ಹುಡುಗರೆಲ್ಲ ಅವರವರ ಊರಲ್ಲಿ. ಇನ್ನು ಸಭಿಕರನ್ನು ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ನ್ಯಾಮತಿಯಿಂದ ಮಾವ ನಾಗರಾಜಪ್ಪನವರ ಫೋನ್ ಬಂತು. ಭಾನುವಾರ ಅವರ ಕಿರಿ ಮಗಳು, ಅಂದರೆ ಶಿವಲೀಲಾಳ ತಂಗಿ ಸಂಧ್ಯಾರಾಣಿಯ ನಿಶ್ಚಿತಾರ್ಥ.

"ಶಾಮಿಯಾನ ಆತು, ಕುರ್ಚಿ ಆತು, ವೇದಿಕೆ ಆತು, ಮೈಕೂ ಆತು ಮೇಷ್ಟ್ರೇ. ಇನ್ನ ಜನ ಬರೋದೊಂದೇ ಬಾಕಿ" ಎಂದರು ಮಾವ.

ಗುರುಬಸವರಾಜರ ಕಿವಿಗೆ ಅದು ನಿಶ್ಚಿತಾರ್ಥದ ಸುದ್ದಿಯಂತೆ ಕೇಳಲೇ ಇಲ್ಲ. ಪರಶಿವನೇ ಮುಂದೆ ನಿಂತು ಏರ್ಪಡಿಸಿದ ಉಪನ್ಯಾಸ ಕಾರ್ಯಕ್ರಮದಂತೆ ಕೇಳಿತು. ಅಂದೇ ಹೋಗಿ ಫ್ಲೆಕ್ಸ್ ಬರೆಸಿ ತಂದರು. 'ಗ್ರಾಹಕರೇ, ಎಚ್ಚರ! ಹೊರಗಿನ ಹೊಳಪು ನೋಡಿ ಮೋಸ ಹೋಗಬೇಡಿ. ದೋಷವಿರುವ ಮಾಲನ್ನು ಹಿಂದಿರುಗಿಸುವುದು ನಿಮ್ಮ ಹಕ್ಕು.' ಅದರ ಕೆಳಗೆ ಅವರ ಹೆಸರು, ಉಳಿದ ಅಕ್ಷರಗಳಿಗಿಂತ ಎರಡು ಪಟ್ಟು ದಪ್ಪಗೆ.

ಭಾನುವಾರ ಕಾರು ಹತ್ತುವಾಗ ಶಿವಲೀಲಾ ಕೇಳಿದರು. "ಅದೇನ್ರೀ ಉದ್ದಕೆ ಸುತ್ತಿಟ್ಟಿರೋದು?"

"ಅಲಂಕಾರದ ಸಾಮಾನು."

ವೇದಿಕೆಗೆ ಕಟ್ಟುವುದು ಏನಿದ್ದರೂ ಅಲಂಕಾರವೇ ತಾನೆ ಎಂದು ಅವರು ತಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ನ್ಯಾಮತಿ ತಲುಪಿದಾಗ ಹೆಂಗಸರೆಲ್ಲ ಒಳಗಿದ್ದರು. ಶಿವಲೀಲಾ ನೇರ ತಂಗಿಯ ಬಳಿ ಹೋದರು. ಸಂಧ್ಯಾರಾಣಿಯ ಮುಖ ಅಷ್ಟು ಸರಿಯಿರಲಿಲ್ಲ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮದುವೆಯಾದ ಮೇಲೂ ಕೆಲಸಕ್ಕೆ ಹೋಗಬಹುದು ಎಂದು ಚನ್ನಗಿರಿಯ ಹುಡುಗ ಪ್ರವೀಣ್ ಕುಮಾರ್ ಫೋನಿನಲ್ಲಿ ಹೇಳಿದ್ದ. ಅವನನ್ನು ಸಾಕಿ ಬೆಳೆಸಿದ ಸೋದರತ್ತೆ, ಉಬ್ರಾಣಿಯ ಸಿದ್ದಲಿಂಗಮ್ಮ ಮಾತ್ರ "ಅದನ್ನ ಆಮೇಲೆ ನೋಡಾನ" ಅಂದಿದ್ದರಂತೆ. ಆ ಮನೆಯಲ್ಲಿ ಸಿದ್ದಲಿಂಗಮ್ಮನ ಮಾತೇ ಮಾತು. 'ಆಮೇಲೆ' ಎಂದರೆ ಯಾವಾಗ ಎಂದು ಕೇಳುವ ಧೈರ್ಯ ಹೆಣ್ಣಿನ ಕಡೆ ಯಾರಿಗೂ ಇರಲಿಲ್ಲ.

ಹೊರಗೆ ಗುರುಬಸವರಾಜ್ ಮಾವನನ್ನು ಹಿಡಿದರು. "ಎರಡೇ ನಿಮಿಷ ಮಾವ. ಕಟ್ಟೋದು, ಫೋಟೋ ಹೊಡೆಯೋದು, ಬಿಚ್ಚೋದು."

ಹಿರಿ ಅಳಿಯನಿಗೆ ಇಲ್ಲವೆನ್ನುವುದು ನಾಗರಾಜಪ್ಪನವರಿಂದ ಆಗುವ ಕೆಲಸವಲ್ಲ. "ಬೀಗರು ಹನ್ನೊಂದಕ್ಕೆ ಬರ್ತಾರೆ. ಅಷ್ಟ್ರೊಳಗೆ ಮುಗಿಸಿಬಿಡ್ರಿ" ಎಂದರು.

ಶಾಮಿಯಾನದವನು ಫ್ಲೆಕ್ಸನ್ನು ನಾಲ್ಕೂ ಮೂಲೆಗೆ ಪ್ಲಾಸ್ಟಿಕ್ ಹಗ್ಗ ಹಾಕಿ, ಗಾಳಿ ಬಂದರೂ ಅಲುಗದಂತೆ ಗಂಟಿನ ಮೇಲೆ ಗಂಟು ಬಿಗಿದ. ಗುರುಬಸವರಾಜ್ ಮೈಕ್ ಹಿಡಿದು ನಿಂತು, ಮುಂದಿನ ಸಾಲಿನಲ್ಲಿದ್ದ ನೆಂಟರಿಗೆ "ನಾನು ಮಾತಾಡ್ತಾ ಇದೀನಿ, ನೀವು ಕೇಳ್ತಾ ಇದೀರಿ ಅನ್ನಂಗೆ ಕೂತ್ಕೊಳ್ರಿ" ಎಂದರು. ಮೊದಲ ಫೋಟೋದಲ್ಲಿ ನೆಂಟರೆಲ್ಲ ಗ್ರೂಪ್ ಫೋಟೋಕ್ಕೆ ನಿಂತಂತೆ ಎದ್ದು ನಿಂತಿದ್ದರು. ಎರಡನೆಯದರಲ್ಲಿ ಎಲ್ಲರ ಬೆನ್ನು ಮಾತ್ರ ಬಂತು. ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಚನ್ನಗಿರಿಯ ಕಾರುಗಳು ಬಂದು ನಿಂತಿದ್ದವು. ದಾರಿ ಚೆನ್ನಾಗಿತ್ತಂತೆ, ಬೇಗ ಬಂದುಬಿಟ್ಟರಂತೆ.

ಗುರುಬಸವರಾಜ್ ಗಂಟು ಬಿಚ್ಚಲು ಹೋದರು. ಗಂಟು ಬಿಚ್ಚಲಿಲ್ಲ, ಉಗುರು ಕಿತ್ತು ಬಂತು. ಶಾಮಿಯಾನದವನು ಟೀ ಕುಡಿಯಲು ಹೋಗಿದ್ದ. ಹಣ್ಣಿನ ತಟ್ಟೆ ಹಿಡಿದ ಬೀಗರ ಮೆರವಣಿಗೆ ಒಳಗೆ ಬಂತು. ಎಲ್ಲರಿಗೂ ಮುಂದೆ ಸಿದ್ದಲಿಂಗಮ್ಮ. ವೇದಿಕೆಯ ಮೇಲ್ಗಡೆ ಹೂವಿನಲ್ಲಿ 'ಸಂಧ್ಯಾರಾಣಿ – ಪ್ರವೀಣ್ ಕುಮಾರ್' ಎಂದು ಬರೆದಿದ್ದು ಹಾಗೇ ಕಾಣುತ್ತಿತ್ತು. ಅದರ ಕೆಳಗಿನದನ್ನು ಸಿದ್ದಲಿಂಗಮ್ಮ ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

"'ಗ್ರಾಹಕರೇ, ಎಚ್ಚರ. ಹೊರಗಿನ ಹೊಳಪು ನೋಡಿ ಮೋಸ ಹೋಗಬೇಡಿ.' ಯಾರ ಹೊಳಪು? ನಮ್ ಹುಡುಗಂದಾ, ನಿಮ್ ಹುಡುಗೀದಾ?"

ನಾಗರಾಜಪ್ಪ ಹೆಗಲ ಶಲ್ಯದಿಂದ ಮುಖ ಒರೆಸಿಕೊಂಡರು.

"'ದೋಷವಿರುವ ಮಾಲನ್ನು ಹಿಂದಿರುಗಿಸುವುದು ನಿಮ್ಮ ಹಕ್ಕು.' ಇದನ್ನ ನಾವು ಹೇಳಬೇಕಿತ್ತು. ನೀವೇ ಬರೆಸಿ ಹಾಕಿದೀರಲ್ಲ ಬೀಗರೇ."

ಏನಾದರೂ ಮಾಡಲೇಬೇಕೆಂದು ಗುರುಬಸವರಾಜ್ ಮೈಕ್ ಎತ್ತಿಕೊಂಡರು. "ಕ್ಷಮಿಸಬೇಕು. ಇದಕ್ಕೂ ಮದುವೆಗೂ ಸಂಬಂಧ ಇಲ್ಲ. ಇದು ಬರೀ ಮಿಕ್ಸಿ, ಫ್ರಿಜ್ಜು, ಮೊಬೈಲಿಗೆ ಸಂಬಂಧಪಟ್ಟದ್ದು" ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮೈಕ್ ಕೈಗೆ ಬಂದ ಮೇಷ್ಟರ ನಾಲಿಗೆ ತಾನಾಗಿ ಪಾಠಕ್ಕೆ ಇಳಿಯಿತು. "ಮಾಲು ಮನೆಗೆ ಬಂದ ಮೇಲೆ ದೋಷ ಕಂಡುಬಂದರೆ ಗ್ರಾಹಕ ಸುಮ್ಮನಿರಬೇಕಾಗಿಲ್ಲ."

ಜನವೆಲ್ಲ ತಿರುಗಿ ಪ್ರವೀಣ್ ಕುಮಾರನನ್ನು ನೋಡಿತು. ಅವನು ಹೊಟ್ಟೆಯನ್ನು ಒಳಗೆಳೆದುಕೊಂಡ.

ಗದ್ದಲ ಕೇಳಿ ಹೊರಬಂದ ಶಿವಲೀಲಾ ಒಮ್ಮೆ ಫ್ಲೆಕ್ಸ್ ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಆ ನೋಟಕ್ಕೆ ಗುರುಬಸವರಾಜ್ ಮೈಕ್ ಕೆಳಗಿಳಿಸಿದರು.

ಆಗ ಸಿದ್ದಲಿಂಗಮ್ಮ ಮುಂದಿನ ಸಾಲಿನ ಕುರ್ಚಿ ಎಳೆದುಕೊಂಡು ಕೂತರು. "ಯಾಕೆ ನಿಲ್ಸಿದ್ರಿ ಮೇಷ್ಟ್ರೇ? ಮಿಕ್ಸಿ ಅಂದ್ರಲ್ಲ, ಅದನ್ನ ಹೇಳ್ರಿ. ನಮ್ ಮನೇಲಿ ತಂದು ಆರು ತಿಂಗಳಾಗಿಲ್ಲ, ಗುರ್ ಅಂದು ಸುಮ್ಮನಾಗೈತೆ. ಬಿಲ್ ಕಳೆದೈತೆ ಅಂದ್ರೆ ಅಂಗಡಿಯೋನು ಮುಖಾನೇ ನೋಡಲ್ಲ."

ಗುರುಬಸವರಾಜರಿಗೆ ಹೋದ ಜೀವ ಬಂದಂತಾಯಿತು. "ದುಡ್ಡು ಫೋನಲ್ಲಿ ಕೊಟ್ಟಿದ್ರಾ, ಕೈಯಲ್ಲಿ ಕೊಟ್ಟಿದ್ರಾ?"

"ಈ ಪ್ರವೀಣನೇ ಫೋನಲ್ಲಿ ಹಾಕ್ದ."

"ಹಂಗಾದ್ರೆ ಆ ಮೆಸೇಜೇ ಸಾಕ್ಷಿ ಆಗುತ್ತೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿ ಸೀಲ್ ಐತಾ?"

"ಐತೆ."

"ಎರಡೂ ತಗೊಂಡು ಹೋಗ್ರಿ. ಆಗಲ್ಲ ಅಂದ್ರೆ ಬರೆದು ಕೊಡು ಅನ್ರಿ. ಬರೆದು ಕೊಡೋ ಹೊತ್ತಿಗೆ ಅವನೇ ರಿಪೇರಿ ಮಾಡಿಕೊಡ್ತಾನೆ. ಮಾಡಿಕೊಡ್ಲಿಲ್ಲ ಅಂದ್ರೆ ಗ್ರಾಹಕರ ಆಯೋಗಕ್ಕೆ ಅರ್ಜಿ ನಾನು ಬರೀತೀನಿ."

ಸಿದ್ದಲಿಂಗಮ್ಮನ ಮುಖ ಅರಳಿತು. ಹಿಂದಿನ ಸಾಲಿನಿಂದ ಯಾರೋ ಫ್ಯಾನಿನ ವಿಚಾರ ಎತ್ತಿದರು. ಇನ್ನೊಬ್ಬರು ಚಪ್ಪಲಿ ವಿಚಾರ. ನಿಶ್ಚಿತಾರ್ಥ ಮಾಡಿಸಲು ಬಂದಿದ್ದ ಐನೋರು ಮಂತ್ರದ ಚೀಲದಿಂದ ಮೊಬೈಲ್ ಚಾರ್ಜರ್ ತೆಗೆದು, "ಇದು ಬರೀ ಬಿಸಿ ಆಗ್ತದೆ, ಚಾರ್ಜ್ ಆಗಲ್ಲ" ಎಂದು ದೂರು ಕೊಟ್ಟರು. ಎಲ್ಲರೂ ಒಟ್ಟಿಗೇ ಕೇಳತೊಡಗಿದಾಗ ಸಿದ್ದಲಿಂಗಮ್ಮ ವೇದಿಕೆ ಹತ್ತಿ, ಗುರುಬಸವರಾಜರ ಕೈಯಿಂದ ಮೈಕ್ ತೆಗೆದುಕೊಂಡು, "ಒಬ್ಬೊಬ್ರಾಗಿ ಕೇಳ್ರಿ. ಮೇಷ್ಟ್ರು ಎಲ್ಲೂ ಓಡಿಹೋಗಲ್ಲ" ಎಂದು ಸಭೆಯನ್ನು ಹತೋಟಿಗೆ ತಂದರು. ಆಮೇಲೆ ಆ ಮೈಕ್ ಅವರ ಕೈ ಬಿಡಲಿಲ್ಲ. ಪ್ರಶ್ನೆ ಅವರು ಹೇಳುವುದು, ಉತ್ತರ ಪಕ್ಕದಲ್ಲಿ ನಿಂತ ಗುರುಬಸವರಾಜ್ ಕೊಡುವುದು. ತರಗತಿಯಲ್ಲಿ ಇಷ್ಟು ವರ್ಷ ಗಡಿಯಾರ ನೋಡುವ ಮುಖಗಳನ್ನೇ ಕಂಡಿದ್ದ ಅವರಿಗೆ, ಜನ ಹೀಗೆ ಮೇಲೆ ಬಿದ್ದು ಕೇಳುವುದು ಕಂಡು ಎದೆ ಉಬ್ಬಿತು. ಬಡ್ತಿ, ಫೈಲು ಎರಡೂ ಮರೆತುಹೋದವು.

"ಭಾವ, ನಂದೂ ಒಂದು ಪ್ರಶ್ನೆ ಐತೆ."

ಬಾಗಿಲ ಬಳಿ ರೇಷ್ಮೆ ಸೀರೆ ಉಟ್ಟು ಸಂಧ್ಯಾರಾಣಿ ನಿಂತಿದ್ದಳು. ಮದುವಣಗಿತ್ತಿ ತಾನಾಗಿ ಹೊರಗೆ ಬಂದಳಲ್ಲ ಎಂದು ನಾಗರಾಜಪ್ಪ ಮತ್ತೆ ಶಲ್ಯಕ್ಕೆ ಕೈ ಹಾಕಿದರು.

"ಕೇಳಮ್ಮ" ಎಂದರು ಗುರುಬಸವರಾಜ್.

"ಬರೀ ಬಾಯಲ್ಲಿ ಕೊಟ್ಟ ಮಾತಿಗೆ ಗ್ಯಾರಂಟಿ ಎಷ್ಟು ದಿನ ಇರ್ತದೆ?" ಎಂದು ಅವಳು ಪ್ರವೀಣನ ಕಡೆ ನೋಡಿದಳು. "ಮದುವೆ ಆದ್ಮೇಲೂ ಕೆಲಸಕ್ಕೆ ಹೋಗು ಅಂತ ಒಬ್ರು ಫೋನಲ್ಲಿ ಹೇಳಿದ್ರು."

ಪ್ರವೀಣ್ ಕುಮಾರ್ ಎದ್ದು ನಿಂತ. ಅವನದು ಚನ್ನಗಿರಿಯಲ್ಲಿ ಪಂಪ್‌ಸೆಟ್ ಅಂಗಡಿ. ಅತ್ತೆಯನ್ನು ಒಮ್ಮೆ ನೋಡಿದ.

"ನಮ್ ಅಂಗಡೀಲಿ ಪಂಪಿಗೆ ಎರಡು ವರ್ಷ ಗ್ಯಾರಂಟಿ ಕೊಡ್ತೀವಿ. ಈ ಮಾತಿಗೆ ಕೊನೇವರೆಗೂ ಐತೆ. ಕೆಲಸ ಬಿಡೋದು ಬ್ಯಾಡ."

ಈಗ ಎಲ್ಲರ ಕಣ್ಣು ಸಿದ್ದಲಿಂಗಮ್ಮನ ಮೇಲೆ. ಅವರು ಸೋದರಳಿಯನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ನಿಧಾನವಾಗಿ ಮೈಕ್ ಬಾಯಿಗೆ ತಂದುಕೊಂಡರು.

"ಇಷ್ಟು ಜನದ ಮುಂದೆ ಹೇಳ್ಯಾನೆ. ಎಲ್ಲಾರೂ ಕೇಳ್ಯಾರೆ. ಇನ್ನ ಇದಕ್ಕೆ ಬಿಲ್ ಯಾಕೆ ಬೇಕು?" ಎಂದು ತಾವೇ ಮೊದಲು ನಕ್ಕರು. ಶಾಮಿಯಾನ ಹಾರಿಹೋಗುವಂತೆ ಜನ ನಕ್ಕಿತು. ಐನೋರು ಚಾರ್ಜರ್ ಒಳಗಿಟ್ಟು ಮುಹೂರ್ತ ಮೀರುತ್ತಿದೆಯೆಂದು ಕೂಗಿದರು. ಫ್ಲೆಕ್ಸ್ ಬಿಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಅದರ ಕೆಳಗೇ ಉಂಗುರ ಬದಲಾದವು.

ಸೋಮವಾರ ಬೆಳಿಗ್ಗೆ ನಿಶ್ಚಿತಾರ್ಥದ ಫೋಟೋಗ್ರಾಫರ್ ಚಿತ್ರಗಳನ್ನು ಕಳಿಸಿದ. ಬ್ಯಾನರ್ ಸ್ಪಷ್ಟವಾಗಿತ್ತು. ಸಭಿಕರೂ ಬೇಕಾದಷ್ಟಿದ್ದರು. ಆದರೆ ಬೀಗಿತ್ತಿಯನ್ನು ಚೆನ್ನಾಗಿ ತೋರಿಸಬೇಕೆಂದು ಯಾರೋ ಅವನಿಗೆ ಹೇಳಿದ್ದರಿಂದ ಪ್ರತಿ ಚಿತ್ರದಲ್ಲೂ ಮೈಕ್ ಹಿಡಿದ ಸಿದ್ದಲಿಂಗಮ್ಮನೇ. ಅವರ ಪಕ್ಕದಲ್ಲಿ, ಚಿತ್ರದ ಅಂಚಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಂದು ಭುಜ.

"ಇದನ್ನೇ ಹಾಕ್ರಿ. ಕೆಳಗೆ ನಡೆದದ್ದು ನಡೆದಂಗೆ ಬರೀರಿ. ನಾದಿನಿ ನಿಶ್ಚಿತಾರ್ಥದಲ್ಲಿ ನಡೆದ ಪ್ರಶ್ನೋತ್ತರ ಅಂತ" ಎಂದರು ಶಿವಲೀಲಾ. ಬೇರೆ ದಾರಿಯೂ ಇರಲಿಲ್ಲ.

ತಿಂಗಳ ನಂತರ ಸಂದರ್ಶನ. ಸಮಿತಿಯ ಅಧ್ಯಕ್ಷರು ಫೈಲನ್ನು ಸರಸರ ತಿರುವಿ ಆ ಹಾಳೆಯ ಬಳಿ ನಿಂತರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಅಲ್ಲಾರೀ, ಸಭಿಕರು ಒಬ್ಬರೂ ತೂಕಡಿಸ್ತಾ ಇಲ್ಲ. ಉಪನ್ಯಾಸ ಅಂತ ಹೇಗೆ ನಂಬೋದು?"

ಗುರುಬಸವರಾಜ್ ನಡೆದದ್ದನ್ನೆಲ್ಲ ಹೇಳಿದರು. ಅಧ್ಯಕ್ಷರು ನಕ್ಕು ನಕ್ಕು ನೀರು ಕುಡಿದು ಕೇಳಿದರು. "ಅದೆಲ್ಲ ಸರಿ. ಇದರಲ್ಲಿ ನೀವೆಲ್ಲಿದ್ದೀರಿ?"

"ಆ ಭುಜ ನಂದು, ಸಾರ್."

ಬಡ್ತಿಯ ಆದೇಶ ಬಂದ ದಿನ ಗುರುಬಸವರಾಜ್ ಎದೆ ಸೆಟೆಸಿಕೊಂಡು ಅಡುಗೆಮನೆಗೇ ಹೋಗಿ ಅದನ್ನು ಗಟ್ಟಿಯಾಗಿ ಓದಿದರು. ಶಿವಲೀಲಾ ಸಾರಿನ ಸೌಟು ಹಿಡಿದೇ ಪೂರ್ತಿ ಕೇಳಿದರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ನೋಡಿದರು.

"ಬರೀ ಭುಜಕ್ಕೇ ಇಷ್ಟು ಕೊಟ್ರಾ? ಫೋಟೋದಲ್ಲಿ ನೀವು ಪೂರ್ತಿ ಬಿದ್ದಿದ್ರೆ ಕುಲಪತಿನೇ ಮಾಡಿಬಿಡ್ತಿದ್ರೇನೋ."