ಸ್ವರಗಳ ತಲೆಗೊಂದು ಅಡ್ಡಪಟ್ಟಿ

ನನಗೆ ಬರುವ ವಿದ್ಯೆಗಳಲ್ಲಿ ಮುಕ್ಕಾಲು ಪಾಲು ಹೊನ್ನಾವರದ ಸೇತುವೆ ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಉಳಿದ ಕಾಲು ಪಾಲನ್ನು ಕಂಪ್ಯೂಟರ್ ಕೆಡಿಸುತ್ತದೆ. ನಮ್ಮೂರ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುವ ನಾನು, ಹೆಂಡತಿಯ ತಮ್ಮ ನಾಗೇಶನ ಮದುವೆ ಕುಮಟೆಯಲ್ಲಿ ಎಂದು ಗೊತ್ತಾದದ್ದೇ ಎದೆ ತಟ್ಟಿಕೊಂಡು ಹೇಳಿಬಿಟ್ಟೆ: ದಿಬ್ಬಣಕ್ಕೆ ಸಿನಿಮಾ ಹಾಡು ಬೇಡ, ಏಳು ಎಣಿಕೆಯ ಹೊಸ ಧಾಟಿಯೊಂದನ್ನು ನಾನೇ ಕಟ್ಟುತ್ತೇನೆ. ಹೆಂಡತಿ ಸುಮತಿ, "ಹೆಣ್ಣಿನ ಕಡೆಯೋರ ಎದುರು ನಮ್ಮ ಮರ್ಯಾದೆ ಒಂದು ಉಳ್ಸಿ, ಸಾಕು" ಎಂದಳು.

ಇಂಗ್ಲಿಷ್ ಪದ್ಧತಿಯ ಸ್ವರಲಿಪಿಯಲ್ಲಿ ಚಿಕ್ಕ ಸ್ವರಗಳ ತಲೆಗೆ ಅಡ್ಡಪಟ್ಟಿ ಎಳೆದು ಗುಂಪು ಕಟ್ಟುತ್ತಾರೆ, ಮೀನು ಪೋಣಿಸಿದ ಹಾಗೆ. ಏಳು ಸ್ವರಕ್ಕೆ ನನಗೆ ಬೇಕಾದ ಗುಂಪು ಮೂರು, ಎರಡು, ಎರಡು. ಧಾಟಿಯನ್ನು ಬರೆಯಲು ಕೂತರೆ ಕಂಪ್ಯೂಟರ್ ತಾನಾಗಿ ಕಟ್ಟಿದ್ದು ನಾಲ್ಕು, ಮೂರು. ಸಿಟ್ಟು ಬಂದು ಎಲ್ಲವನ್ನೂ ಆಯ್ದು, ಕೂಡಿಸುವ ಗುಂಡಿ ಒತ್ತಿದೆ. ಸಾಲಿಗೆ ಸಾಲೇ ಒಂದು ಪಟ್ಟಿಯ ಕೆಳಗೆ ನೇತುಬಿತ್ತು. ಪರವಾಗಿಲ್ಲ ಎಂದು ಅದನ್ನೇ ಪ್ರಿಂಟ್ ತೆಗೆದು ಹಂಚಿದೆ. ಆದರೆ ಕ್ಲಾರಿನೆಟ್ ಊದುವ ಮಂಜಣ್ಣನಿಗೆ, ಪಟ್ಟಿ ಮುಗಿಯುವ ತನಕ ಉಸಿರು ತೆಗೆಯಬಾರದು ಎಂದು ಕಲಿಸಿದವನೂ ನಾನೇ. ಸಾಲು ಮುಗಿಯುವಾಗ ಅವನ ಮುಖ ಮುರುಗಲ ಹಣ್ಣಿನ ಹಾಗೆ ಕೆಂಪಾಗಿತ್ತು.

"ಮಾಸ್ತರ್ರೇ, ಇದು ಊದೂಕೆ ಬರ್ದದ್ದೋ, ಮುಳುಗೂಕೆ ಬರ್ದದ್ದೋ?"

ಗಾಬರಿಯಾಗಿ ಪಟ್ಟಿಗಳನ್ನೆಲ್ಲ ಕಿತ್ತುಹಾಕಿದೆ. ಈಗ ಅವನು ಸ್ವರಕ್ಕೊಂದು ಉಸಿರು ತೆಗೆಯತೊಡಗಿದ. ಒಳಗಿನಿಂದ ಸುಮತಿ, "ಇದೆಂತ, ಮದ್ವೆಗೋ ಆಸ್ಪತ್ರೆಗೋ?" ಎಂದು ಕೂಗಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಬೈದೆ, ಗಣಪತಿಗೆ ಕಾಯಿ ಹೇಳಿಕೊಂಡೆ. ಕೊನೆಗೂ ಗೊತ್ತಾಯಿತು: ಸಾಲಿನ ಶುರುವಿನಲ್ಲಿರುವ ತಾಳದ ಅಂಕಿಯ ಮೇಲೆ ಒತ್ತಿದರೆ, ಯಾವ ಗುಂಪು ಎಷ್ಟರದು ಎಂದು ಅಲ್ಲೇ ಕೇಳುತ್ತದೆ. ಹೇಳಿದೆ. ಸ್ವರಗಳು ಮೂರು, ಎರಡು, ಎರಡಾಗಿ ಶಿಸ್ತಾಗಿ ನಿಂತವು. ಖುಷಿಗೆ ನನ್ನ ಕಣ್ಣು ತುಂಬಿತು, ಸುಳ್ಳಲ್ಲ.

ಮದುವೆಯ ದಿನ ಮಂಜಣ್ಣ ಊದಿದ್ದೇ ಊದಿದ್ದು, ಒಂದು ಸ್ವರ ತಪ್ಪಲಿಲ್ಲ. ತಪ್ಪಿದ್ದು ಹೆಜ್ಜೆ. ಮನುಷ್ಯನಿಗಿರುವುದು ಎರಡೇ ಕಾಲು, ಏಳು ಎಣಿಕೆಗೆ ನೆಟ್ಟಗೆ ನಡೆಯಲು ಬರುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇಡೀ ದಿಬ್ಬಣ ಎಡವುತ್ತ ಬಂತು. ನಾಗೇಶನಂತೂ ಬಾಸಿಂಗ ಕಟ್ಟಿಕೊಂಡು, ಭಾವನ ತಾಳ ಕೆಡಬಾರದೆಂದು ಶ್ರದ್ಧೆಯಿಂದ ಕುಂಟಿದ. ಮಂಟಪದ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಮದುಮಗಳ ಅಜ್ಜಿ ತಟ್ಟೆ ಕೆಳಗಿಟ್ಟರು.

"ಎಂತದು ಇದು? ಗಂಡಿನ ಕಾಲು ಊನ ಅಂತ ನಮ್ಗೆ ಯಾರೂ ಹೇಳ್ಲೇ ಇಲ್ಲ!"

ಬ್ಯಾಂಡ್ ನಿಂತಿತು. ಸುಮತಿ ಮುಂದೆ ಬಂದು, "ಅವ್ನ ಕಾಲು ಸಮಾ ಅದೆ, ಅಜ್ಜಿ. ಊನ ಇರೂದು ಅವ್ನ ಭಾವನ ತಲೇಲಿ" ಎಂದಳು.

ಅಜ್ಜಿ ನಂಬಲಿಲ್ಲ. ನಾಗೇಶನನ್ನು ಬ್ಯಾಂಡಿಲ್ಲದೆ ಗೇಟಿನ ತನಕ ನಡೆಸಿ, ತಿರುಗಿ ಕರೆಸಿ, ಕಾಲು ನೋಡಿ ಸಮಾಧಾನವಾದ ಮೇಲೇ ಆರತಿ ಎತ್ತಿದರು. ಆಮೇಲೆ ನನ್ನತ್ತ ಕೈ ತೋರಿಸಿ, "ಇವ್ರೂ ಒಂದ್ಸಲ ನಡೀಲಿ, ಕಾಂಬ" ಎಂದರು. ಇಷ್ಟು ಜನರೆದುರು ಮಾನ ಉಳಿಸಿಕೊಳ್ಳಲು ಎದೆಯುಬ್ಬಿಸಿ ಹೊರಟೆ. ಕಾಲು ತಾನಾಗಿ ಮೂರು, ಎರಡು, ಎರಡು ಎಂದೇ ಹೋಯಿತು.