ಪೇಢೆಯ ಬೆಲೆಗೊಂದು ವೈನು

ಕೆಲವರಿಗೆ ಸುಳ್ಳು ಹೇಳಲು ಒಂದು ಕಾರಣ ಬೇಕಾಗುತ್ತದೆ. ನನಗೆ ಬೇಡ. ಎದುರಿಗೆ ಕೂತವರು ಯಾವುದೋ ಒಂದು ವಿಷಯವನ್ನು ನನಗಿಂತ ಚೆನ್ನಾಗಿ ತಿಳಿದವರ ಹಾಗೆ ಮಾತಾಡಿದರೆ ಸಾಕು. ಇದರಿಂದ ಇಲ್ಲಿಯವರೆಗೆ ಯಾರಿಗೂ ತೊಂದರೆಯಾಗಿರಲಿಲ್ಲ. ರೈಲಿನಲ್ಲಿ ಪಕ್ಕದವರು ಹಿಮಾಲಯದ ಚಾರಣದ ಕಥೆ ತೆಗೆದರೆ ನಾನೂ ಒಂದೆರಡು ಶಿಖರ ಹತ್ತಿಬಿಡುತ್ತೇನೆ. ಸೊಲ್ಲಾಪುರ ಬಂದಾಗ ಅವರು ರೈಲಿನಿಂದ ಇಳಿಯುತ್ತಾರೆ, ನಾನು ಶಿಖರದಿಂದ ಇಳಿಯುತ್ತೇನೆ. ಆದರೆ ಬೀಗರಾಗಲಿರುವವರ ಎದುರಿಗೆ ಹತ್ತಿದ ಶಿಖರದಿಂದ ಅಷ್ಟು ಸುಲಭವಾಗಿ ಇಳಿಯಲು ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಈ ವರ್ಷ, ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಮನೆಯಲ್ಲಿ, ಕೈಯಲ್ಲಿ ಉದ್ದ ಕಾಲಿನ ಗಾಜಿನ ಲೋಟ ಹಿಡಿದುಕೊಂಡಿದ್ದಾಗ.

ನಮ್ಮ ಮಗಳು ಪಲ್ಲವಿ ತಾನೇ ನೋಡಿ ಮೆಚ್ಚಿದ ಹುಡುಗ ರೋಹನ. ಅವನ ತಂದೆ ಜಗತಾಪರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಾಶಿಕದ ದ್ರಾಕ್ಷಿ ತೋಟಗಳನ್ನು ಸುತ್ತಿ ಬಂದು ವೈನಿನ ಹುಚ್ಚು ಹಿಡಿಸಿಕೊಂಡವರು. ಮಾತುಕತೆಗೆಂದು ನಮ್ಮನ್ನು ಮೊದಲ ಸಲ ಊಟಕ್ಕೆ ಕರೆದಾಗ ಅವರು ಒಂದು ಬಾಟಲಿಯನ್ನು ತೊಟ್ಟಿಲ ಕೂಸನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದರು. ಲೋಟಕ್ಕೆ ಎರಡೇ ಎರಡು ಗುಟುಕು ಸುರಿದರು. ನಾನು ಇಷ್ಟೇನಾ ಎಂದು ನೋಡುತ್ತಿರುವಾಗಲೇ ಅವರು ಲೋಟವನ್ನು ಗಿರಗಿರ ತಿರುಗಿಸಿ, ಮೂಗನ್ನು ಒಳಗಿಟ್ಟು, ಕಣ್ಣು ಮುಚ್ಚಿ, ಕಪ್ಪು ಹಣ್ಣು, ಹಳೆಯ ಚರ್ಮ, ಹೊಗೆ ಎಂದು ಮರಾಠಿಯಲ್ಲಿ ಏನೇನೋ ಹೇಳಿದರು. ಬೆಲೆಯನ್ನೂ ಹೇಳಿದರು. ಕೇಳಿ ನನಗೆ ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ ನನ್ನ ಬಾಯಿ ತಾನೇ ತೆರೆದುಕೊಂಡಿತು. "ಚೆನ್ನಾಗಿದೆ. ಆದರೆ ಇದರ ಕಾಲು ಭಾಗದ ಬೆಲೆಗೆ ಇದಕ್ಕಿಂತ ಒಳ್ಳೆಯವು ಸಿಗುತ್ತವೆ. ನಾನು, ಸುಮಂಗಲಾ ಇಬ್ಬರೂ ಮನೆಯಲ್ಲಿ ಅಂಥ ವೈನುಗಳ ರುಚಿ ನೋಡಿ ಅಂಕ ಹಾಕುತ್ತಿರುತ್ತೇವೆ" ಎಂದೆ. ಮೇಜಿನ ಕೆಳಗೆ ಸುಮಂಗಲಾ ನನ್ನ ಕಾಲು ತುಳಿದಳು. ಆಕೆ ಧಾರವಾಡದ ಮಾಳಮಡ್ಡಿಯ ಮಠದ ಪಕ್ಕದ ಮನೆಯಲ್ಲಿ ಬೆಳೆದವಳು. ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಮದ್ಯಸಾರ ಎಂದು ಬರೆದಿದ್ದರೆ ಅದನ್ನೂ ಕುಡಿಯದವಳು.

"ಅರೇ ವ್ಹಾ!" ಎಂದು ಜಗತಾಪರು ಎದ್ದು ನಿಂತೇಬಿಟ್ಟರು. ಇಷ್ಟು ದಿನ ತಮಗೆ ಈ ವಿಷಯ ಮಾತಾಡುವವರೇ ಸಿಕ್ಕಿರಲಿಲ್ಲವಂತೆ. ಮುಂದಿನ ತಿಂಗಳು ತಾವಿಬ್ಬರೂ ನಮ್ಮ ಮನೆಗೆ ಬರುತ್ತಾರಂತೆ, ನಾವು ನಮ್ಮ ಪಟ್ಟಿಯ ಮೊದಲ ಮೂರು ವೈನುಗಳನ್ನು ಕುಡಿಸಬೇಕಂತೆ. ಜಗತಾಪರ ಹೆಂಡತಿ ವಂದನಾತಾಯಿ ಮಾತ್ರ ನನ್ನನ್ನು ಒಂದು ಕ್ಷಣ ಹೆಚ್ಚೇ ನೋಡಿದರು.

ರಿಕ್ಷಾ ಹಿಡಿದು ನಮ್ಮ ಸದಾಶಿವ ಪೇಠೆಗೆ ಮರಳಿದೆವು. ಮನೆಯ ಬಾಗಿಲ ಕೀಲಿ ತೆಗೆದ ಮೇಲೆ ಸುಮಂಗಲಾ ಶುರುಮಾಡಿದಳು. "ಏನ್ರೀ, ಸಾರಿಗೆ ಉಪ್ಪು ಹಾಕೀನೋ ಇಲ್ಲೋ ಅನ್ನೋದನ್ನ ನಿಮಗ ನಾನ ಹೇಳಬೇಕು. ನೀವು ವೈನಿಗೆ ಮಾರ್ಕು ಹಾಕ್ತೀರಿ?"

"ಹಾಕೋದು ಕಲತರ ಆತು. ಇನ್ನೂ ಒಂದು ತಿಂಗಳ ಅದ" ಎಂದೆ.

"ಹುಡುಗಿ ಮದವಿ ಅದರೀ. ನಾಳೆ ಅವರು 'ಇವ್ರ ಮಾತು ನಂಬಲಿಕ್ಕೆ ಬರಂಗಿಲ್ಲ' ಅಂದ್ರ?"

ಆ ಮಾತು ನನಗೆ ನಾಟಿತು. ನಿಜ ಹೇಳಬೇಕೆಂದರೆ, ಅದರ ಜೊತೆಗೇ ನನಗೆ ಒಂಥರಾ ಹುರುಪೂ ಬಂದಿತ್ತು. ಭೋಸರಿಯ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಪರೀಕ್ಷೆ ಮಾಡುವುದು. ಅದೂ ಮಾಲನ್ನಲ್ಲ, ಮಾಲನ್ನು ಅಳೆಯುವ ಉಪಕರಣಗಳನ್ನು. ಒಂದೇ ತುಂಡನ್ನು ಮೂರು ಸಲ ಅಳೆದರೆ ಉಪಕರಣ ಮೂರು ಸಲವೂ ಒಂದೇ ಅಳತೆ ತೋರಿಸಬೇಕು. ಇಲ್ಲದಿದ್ದರೆ ಅದು ಎಷ್ಟೇ ಥಳಥಳ ಹೊಳೆಯುತ್ತಿರಲಿ, ನಾನು ಅದನ್ನು ರದ್ದಿಗೆ ಹಾಕುತ್ತೇನೆ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದವನಿಗೆ ದ್ರಾಕ್ಷಿ ರಸ ಯಾವ ಲೆಕ್ಕ?

ಮರುದಿನವೇ ಕೆಲಸದಿಂದ ಮರಳುವಾಗ, ನಮ್ಮ ಪೇಠೆಯಿಂದ ಸಾಕಷ್ಟು ದೂರದಲ್ಲಿ, ಗುರುತಿನವರು ಯಾರೂ ಬಾರದ ಒಂದು ಅಂಗಡಿಗೆ ಹೋದೆ. ಒಂದು ಬಾಟಲಿಯ ಬೆಲೆ ಒಂದು ಕಿಲೋ ಒಳ್ಳೆಯ ಪೇಢೆಯ ಬೆಲೆಯನ್ನು ಮೀರಬಾರದು ಎಂದು ನಿಯಮ ಮಾಡಿಕೊಂಡಿದ್ದೆ. ಅಂಗಡಿಯವನಿಗೆ ಹಾಗೇ ಹೇಳಿದೆ. ಅವನು ನನ್ನ ಬಿಳಿ ಮೀಸೆ ನೋಡಿ, "ಕಾಕಾ, ಪೇಢೆ ಪಕ್ಕದ ಅಂಗಡೀಲಿ" ಎಂದು ಮರಾಠಿಯಲ್ಲಿ ಹೇಳಿದ. ಆಮೇಲೆ ವಿಷಯ ತಿಳಿದು ಅತ್ಯಂತ ಕೆಳಗಿನ ಹಲಗೆಯಿಂದ ಆರು ಬಾಟಲಿಗಳನ್ನು ಧೂಳು ಒರೆಸಿ ಕೊಟ್ಟ. ಜೋಳದ ಹಿಟ್ಟು ತರುವ ಚೀಲದಲ್ಲಿ ಅವನ್ನು ಇಟ್ಟು, ಮೇಲೆ ಒಂದು ಸೂಡು ಮೆಂತ್ಯ ಸೊಪ್ಪು ಹೊದಿಸಿಕೊಂಡು ಮೂರು ಮಹಡಿ ಹತ್ತಿದೆ. ಪ್ರತಿ ಮೆಟ್ಟಿಲಿಗೂ ಚೀಲ ಕಿಣಿಕಿಣಿ ಎನ್ನುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, ಇಷ್ಟು ಶಬ್ದ ಮಾಡುವ ಮೆಂತ್ಯ ಎಲ್ಲಿ ಸಿಗುತ್ತದೆ ಎಂದು ಕೇಳಲಿಲ್ಲ, ಅದು ಅವರ ದೊಡ್ಡತನ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಸುಮಂಗಲಾ ಪೂಜೆ ಮುಗಿಸಿ ದೇವರ ಕೋಣೆಯ ಬಾಗಿಲು ಹಾಕಿದ ಮೇಲೆ, ಮೊದಲ ಬಾಟಲಿ ತೆರೆಯಲು ಕೂತೆ. ಅದರ ಬಾಯಿಗೆ ಬಿರಡೆ ಇತ್ತು. ಬಿರಡೆ ತೆಗೆಯುವ ಸಲಕರಣೆ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಗೋಡೆಗೆ ಹೊಡೆಯುವ ಸ್ಕ್ರೂ ಒಂದನ್ನು ತಿರುಗಿಸಿ ಇಳಿಸಿ, ಇಕ್ಕಳದಿಂದ ಎಳೆದೆ. ಸ್ಕ್ರೂ ಹೊರಗೆ ಬಂತು, ಬಿರಡೆ ಪುಡಿಯಾಗಿ ಒಳಗೆ ಹೋಯಿತು. ಪಲ್ಲವಿ ನಗುತ್ತಲೇ ಚಹಾದ ಜಾಳಿಗೆ ತಂದು ಸೋಸಿದಳು. ಚಹಾದ ಗಾಜಿನ ಲೋಟದಲ್ಲಿ ಸುರಿದು, ಜಗತಾಪರ ಹಾಗೆಯೇ ತಿರುಗಿಸಿ, ಮೂಗಿಟ್ಟೆ. ಅಬ್ಬಾ! ಏನೋ ಹೊಳೆಯಿತು! ನೋಟ್‌ಬುಕ್ಕಿನಲ್ಲಿ ಬರೆದೆ: "ಎಳೆಯ ಚಹಾ ಎಲೆಯ ಸೂಕ್ಷ್ಮ ಪರಿಮಳ. ಎಂಟು." ಗಟ್ಟಿಯಾಗಿ ಓದಿಯೂ ಹೇಳಿದೆ.

"ಸೂಕ್ಷ್ಮ ಏನ್ ಬಂತ್ರೀ, ಮುಂಜಾನಿ ಚಹಾ ಸೋಸಿದ ಮ್ಯಾಲೆ ಜಾಳಗಿ ತೊಳದಿದ್ದಿಲ್ಲ" ಎಂದಳು ಸುಮಂಗಲಾ.

ಆಕೆ ತಾನು ಬರೀ ವಾಸನೆ ನೋಡುತ್ತೇನೆ, ಕುಡಿಯುವುದಿಲ್ಲ ಎಂದು ಮೊದಲೇ ಷರತ್ತು ಹಾಕಿದ್ದಳು. ಎರಡನೆಯ ಬಾಟಲಿಗೆ ನಾಲಿಗೆಯ ತುದಿ ತಾಗಿಸಿದಳು. ಮೂರನೆಯದಕ್ಕೆ, "ಮಗಳ ಸಲುವಾಗಿ" ಎಂದು ಒಂದು ಗುಟುಕು. ಅಲ್ಲಿಂದ ಆಕೆಯ ಮಾತು ಶುರುವಾಯಿತು. ನಾನು ಫೋನಿನಲ್ಲಿ ಓದಿಕೊಂಡಿದ್ದ ತಂಬಾಕು, ಓಕ್ ಮರ, ಚರ್ಮ ಎಂದೆಲ್ಲ ಬರೆಯುತ್ತಿದ್ದರೆ ಆಕೆ, "ಇದು ನೇರಳೆಹಣ್ಣು ಭಾಳ ತಿಂದಾಗ ಬಾಯಿ ಒಗರಾಗ್ತದಲ್ಲ, ಹಂಗದ", "ಇದು ಹುಣಸಿಹಣ್ಣು ಹೆಚ್ಚಾದ ಸಾರು, ಸ್ವಲ್ಪ ಬೆಲ್ಲ ಬೇಕಿತ್ತು", "ಇದು ಚೊಲೊ ಅದ ನೋಡ್ರಿ, ಮೊದಲ ಹುಳಿ, ಆಮ್ಯಾಲೆ ಸವಿ, ಕಡೀಗೆ ಲವಂಗ" ಎನ್ನುತ್ತಿದ್ದಳು. ಕೆಂಪಾದ ಮುಖದಲ್ಲಿ ಅಂಥ ಉತ್ಸಾಹವನ್ನು ನಾನು ಮದುವೆಯಾದ ಹೊಸತರಲ್ಲಿ ನೋಡಿದ್ದು. ನಮ್ಮಿಬ್ಬರ ಅಂಕಗಳಿಗೂ ಸಂಬಂಧವೇ ಇರಲಿಲ್ಲ. ಸಹಜವಾಗಿಯೇ ನಾನು ನನ್ನವನ್ನು ಸರಿ ಎಂದುಕೊಂಡೆ.

ಮುಂದಿನ ಭಾನುವಾರ ಇದನ್ನು ಶಾಸ್ತ್ರೋಕ್ತವಾಗಿ ಸಾಬೀತು ಮಾಡಲು ಹೊರಟೆ. ಉಪಕರಣಗಳಿಗೆ ಮಾಡುವ ಪರೀಕ್ಷೆಯನ್ನೇ ನಾಲಿಗೆಗಳಿಗೂ ಮಾಡೋಣ ಎಂದು ಪಲ್ಲವಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ನಮಗೆ ಕಾಣದಂತೆ ಮೂರು ಲೋಟ ತುಂಬಿ ತಂದಳು. ನಾನು ಮೊದಲನೆಯದಕ್ಕೆ ಎಂಟು ಕೊಟ್ಟು "ರಾಜಗಾಂಭೀರ್ಯ" ಎಂದು ಬರೆದೆ. ಎರಡನೆಯದಕ್ಕೆ ನಾಲ್ಕು, "ಬಡಕಲು". ಮೂರನೆಯದಕ್ಕೆ ಆರೂವರೆ, "ಪ್ರಯತ್ನವಿದೆ, ಫಲವಿಲ್ಲ". ಸುಮಂಗಲಾ ಮೊದಲನೆಯದಕ್ಕೆ ಆರು ಕೊಟ್ಟಳು. ಎರಡನೆಯದಕ್ಕೂ ಆರು. ಮೂರನೆಯ ಲೋಟ ಮೂಗಿಗೆ ಹಿಡಿದವಳೇ ಮಗಳ ಕಡೆ ತಿರುಗಿ, "ಪಲ್ಲೂ, ಒಂದ ಬಾಟಲಿದು ಎಷ್ಟು ಸಲ ಕೊಡ್ತೀಯ? ಬ್ಯಾರೆದು ತೆಗಿ" ಎಂದಳು.

ಪಲ್ಲವಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. "ಅಪ್ಪಾ, ಮೂರೂ ಒಂದೇ ವೈನು! ನಿಮ್ಮ ಕಾರ್ಖಾನೆಯಾಗ ಇಂಥಾ ಉಪಕರಣಕ್ಕ ಏನ್ ಮಾಡ್ತೀರಿ?"

ನನ್ನ ಅಂಕಗಳ ಹಾಳೆಯನ್ನು ಹರಿದು ರದ್ದಿಗೆ ಹಾಕಿದೆ. ಅವತ್ತಿನಿಂದ ನಮ್ಮ ಪಟ್ಟಿ ಎಂದರೆ ಸುಮಂಗಲಾಳ ಪಟ್ಟಿ. ಆಕೆಯ ಮೊದಲ ಮೂರು ವೈನುಗಳನ್ನು ಗುರುತು ಹಾಕಿಟ್ಟುಕೊಂಡೆವು. ಬೀಗರ ಎದುರು ಮಾತಾಡುವುದು ಮಾತ್ರ ನಾನೇ ಎಂದು ಗೋಗರೆದು ಒಪ್ಪಿಸಿಕೊಂಡೆ. ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿದೆ.

ಜಗತಾಪ ದಂಪತಿ ಬಂದರು. ಆದರೆ ಬರಿಗೈಯಲ್ಲಿ ಬರಲಿಲ್ಲ. ಜಗತಾಪರ ಕಂಕುಳಲ್ಲಿ ತಮ್ಮ ಸಂಗ್ರಹದ ಅತ್ಯಂತ ದುಬಾರಿ ಬಾಟಲಿ ಇತ್ತು. "ನಿಮ್ಮ ಮೂರರ ಜೊತೆ ನನ್ನದೂ ಒಂದು ಇರಲಿ. ಯಾವುದು ಯಾವುದೆಂದು ಯಾರಿಗೂ ತಿಳಿಯಬಾರದು. ಆಮೇಲೆ ಅಂಕ ನೋಡೋಣ!" ಎಂದು ಕೈ ಉಜ್ಜಿಕೊಂಡರು. ನನ್ನ ಬಾಯಿಪಾಠ ಅಲ್ಲಿಗೆ ಕೈಕೊಟ್ಟಿತು. ಪಲ್ಲವಿ ಒಳಗೆ ಹೋಗಿ ನಾಲ್ಕು ವೈನುಗಳನ್ನು ಬೇರೆ ಬೇರೆ ಲೋಟಕ್ಕೆ ಸುರಿದು, ಒಂದರಿಂದ ನಾಲ್ಕರವರೆಗೆ ಚೀಟಿ ಅಂಟಿಸಿ ತಂದಳು.

ನಾನು ಒಂದು, ಎರಡು ಕುಡಿದೆ. ಗಡಿಬಿಡಿಯಲ್ಲಿ ರುಚಿಯೇ ತಿಳಿಯಲಿಲ್ಲ. ಮೂರನೆಯದು ಮೂಗಿಗೆ ಹತ್ತಿರ ಬಂದದ್ದೇ ತಡ, ಇದು ಉಳಿದವುಗಳ ಹಾಗಿಲ್ಲ ಎಂದು ಗೊತ್ತಾಯಿತು. ಎಂಥದೋ ಗಾಢ, ಹಳೆಯ, ಒಂದಿಷ್ಟು ಮಂಕಾದ ವಾಸನೆ. ದುಬಾರಿಯದು ಇದೇ! ಚೀಟಿಯಲ್ಲಿ ಒಂಬತ್ತು ಬರೆದು, "ಹಳೆಯ ಗ್ರಂಥಾಲಯ ಹೊಕ್ಕ ಹಾಗಿದೆ" ಎಂದೆ. ಜಗತಾಪರೂ ಒಂಬತ್ತು ಬರೆದು, "ಗ್ರಂಥಾಲಯವಲ್ಲ, ಪೇಶವೆಯವರ ಕಾಲದ ವಾಡೆ!" ಎಂದು ತೊಡೆ ತಟ್ಟಿದರು. ಇಬ್ಬರೂ ಪರಸ್ಪರ ಕೈ ಕುಲುಕಿದೆವು. ಮಗಳ ಮದುವೆ ಗಟ್ಟಿಯಾದದ್ದು ಆಗಲೇ ಎಂದು ನನಗನ್ನಿಸಿತು.

ಅಷ್ಟರಲ್ಲಿ ಸುಮಂಗಲಾ ಮೂರನೆಯ ಲೋಟವನ್ನು ದೂರ ತಳ್ಳಿದಳು. "ಅಯ್ಯ, ಇದು ಕೆಟ್ಟದರೀ! ಮಳೀಗೆ ತೊಯ್ದ ರಟ್ಟಿನ ಡಬ್ಬಿ ವಾಸನಿ ಬರ್ಲಿಕ್ಕತ್ತದ."

"ಏನಂತಾರೆ?" ಎಂದು ಜಗತಾಪರು ನನ್ನನ್ನು ಕೇಳಿದರು.

"ಬಹಳ ಅಪರೂಪದ ವಾಸನೆ ಅಂತಿದ್ದಾಳೆ" ಎಂದು ನಾನು ಅನುವಾದ ಮಾಡಿದೆ.

ಸುಮಂಗಲಾ ನನ್ನತ್ತ ನೋಡಲೂ ಇಲ್ಲ. ನೇರವಾಗಿ ಜಗತಾಪರಿಗೆ, ಸ್ವಚ್ಛ ಪುಣೇರಿ ಮರಾಠಿಯಲ್ಲಿ, "ಖರಾಬ ಝಾಲೀಯ", ಕೆಟ್ಟುಹೋಗಿದೆ, ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಪಲ್ಲವಿ, ಮೂರನೆಯದು ಜಗತಾಪರ ಬಾಟಲಿಯದೇ ಎಂದು ಮೆಲ್ಲಗೆ ಹೇಳಿದಳು. ಜಗತಾಪರ ಮುಖ ಅವರು ತಂದ ವೈನಿನ ಬಣ್ಣಕ್ಕೆ ತಿರುಗಿತು. ಆಗ ವಂದನಾತಾಯಿ ತಮ್ಮ ಚೀಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಮೂರನೆಯದಕ್ಕೆ ಅವರು ಹಾಕಿದ್ದು ಸೊನ್ನೆ. "ದೀಪಾವಳಿಯಲ್ಲಿ ಇದರ ಜೊತೆಯ ಬಾಟಲಿ ತೆರೆದಾಗಲೂ ಹೀಗೇ ನಾರುತ್ತಿತ್ತು. ಹೇಳಿದರೆ, ನಿನಗೆ ತಿಳಿಯುವುದಿಲ್ಲ, ಇದು ಗಹನವಾದ ರುಚಿ ಅಂದರು. ಹನ್ನೆರಡು ಜನ ನೆಂಟರಿಗೆ ಆ ಗಹನವನ್ನು ಕುಡಿಸಿದರು" ಎಂದು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಸುಮಂಗಲಾಳೂ ಸೇರಿಕೊಂಡಳು. ಜಗತಾಪರು ನಗಲಿಲ್ಲ. ಎದ್ದು ಗ್ಯಾಲರಿಗೆ ಹೋದರು.

ನಾನೂ ಹಿಂದೆಯೇ ಹೋದೆ. ಕೆಳಗೆ ಕೋಚಿಂಗ್ ಕ್ಲಾಸಿನ ಹುಡುಗರ ಸ್ಕೂಟರುಗಳು ಸಂದಿ ತುಂಬಿ ನಿಂತಿದ್ದವು. ಅವನ್ನೇ ನೋಡುತ್ತಾ ನಿಂತವರ ಪಕ್ಕ ನಿಂತು, ಬೇರೆ ದಾರಿ ಕಾಣದೆ, ನಿಜ ಹೇಳಿಬಿಟ್ಟೆ. ಅವರ ಮನೆಗೆ ಹೋದ ದಿನದವರೆಗೆ ನಾನು ವೈನಿನ ಹನಿಯನ್ನೂ ಕುಡಿದಿರಲಿಲ್ಲ, ಅಂದದ್ದೆಲ್ಲ ಸುಳ್ಳು, ಪಟ್ಟಿ ಪೂರ್ತಿ ಸುಮಂಗಲಾಳದು, ಬೇಕಿದ್ದರೆ ನನ್ನ ಮೇಲೆ ಸಿಟ್ಟು ಮಾಡಿ, ಮಕ್ಕಳ ಮೇಲೆ ಬೇಡ, ಎಂದೆ.

"ಹಾಗಾದರೆ ಆ ಒಂಬತ್ತು?" ಎಂದು ಅವರು ಕೇಳಿದರು.

"ವಾಸನೆ ವಿಚಿತ್ರವಾಗಿತ್ತು. ನಿಮ್ಮದು ಅದೇ ಇರಬೇಕು ಅಂದುಕೊಂಡೆ."

ಅವರು ಒಮ್ಮೆ ಒಳಗೆ ನೋಡಿ, ದನಿ ತಗ್ಗಿಸಿದರು. "ನಾನೂ ಹಾಗೇ ಅಂದುಕೊಂಡೆ."

ಆಮೇಲೆ ನಗು ಬಂತು ನೋಡಿ, ಇಬ್ಬರಿಗೂ. ಗ್ಯಾಲರಿಯ ಕಂಬಿ ಹಿಡಿದುಕೊಂಡು ನಕ್ಕೆವು. ಒಳಗೆ ಬಂದಾಗ ಹೆಂಗಸರಿಬ್ಬರೂ ಲವಂಗದ ಪರಿಮಳದ ಆ ಅಗ್ಗದ ಬಾಟಲಿಯನ್ನು ಎರಡನೆಯ ಸಲ ಸುರಿದುಕೊಂಡು, ಅದಕ್ಕೆ ಏಳು ಕೊಡಬೇಕೋ ಏಳೂವರೆಯೋ ಎಂದು ವಾದಿಸುತ್ತಿದ್ದರು. ಮದುವೆಯ ತಿಂಗಳನ್ನೂ ನಡುವೆ ಅವರೇ ನಿಶ್ಚಯ ಮಾಡಿಬಿಟ್ಟಿದ್ದರು.

ಈಗ ತಿಂಗಳಿಗೊಂದು ಭಾನುವಾರ, ಒಮ್ಮೆ ಕ್ಯಾಂಪಿನಲ್ಲಿ, ಒಮ್ಮೆ ನಮ್ಮಲ್ಲಿ, ಬೀಗಿತ್ತಿಯರ ರುಚಿ ಪರೀಕ್ಷೆ ನಡೆಯುತ್ತದೆ. ನಾನು, ಜಗತಾಪರು ಬಾಟಲಿ ಹೊತ್ತು ತರುತ್ತೇವೆ, ಶೇಂಗಾ ಹುರಿಯುತ್ತೇವೆ, ಲೋಟ ತೊಳೆಯುತ್ತೇವೆ. ನಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕಳೆದ ಸಲ ಸುಮಂಗಲಾ ಬರಿದಾದ ಲೋಟವೊಂದನ್ನು ಮೂಗಿಗೆ ಹಿಡಿದು, "ಏನ್ರೀ, ಇದರಾಗ ಸಾಬೂನಿನ ವಾಸನಿ ಅದ. ನಿಮಗ ಐದು" ಎಂದಳು. ಜಗತಾಪರಿಗೆ ಐದೂವರೆ ಸಿಕ್ಕಿತು. ನಾನು ಭೋಸರಿಯ ಅನುಭವವನ್ನೆಲ್ಲ ಬಳಸಿ, ಆ ಲೋಟವನ್ನು ತೊಳೆದದ್ದು ಜಗತಾಪರೇ ಎಂದು ಇನ್ನೂ ವಾದಿಸುತ್ತಿದ್ದೇನೆ.