ಎರಡು ವೂಫರ್‌ಗಳಿಗೆ ಕೊಬ್ಬರಿ ಎಣ್ಣೆಯಿಂದ ವಿನಾಯಿತಿ

"ನನಗ ಕಿವಿ ಕೇಳಂಗಿಲ್ಲೊ ಓಂಪ್ರಕಾಶ. ಏನ್ ಹೇಳೂದಿದ್ರೂ ಬರದ ಕೊಡು" ಎಂದು ತಾವು ಇಂದು ಮುಂಜಾನೆ ಚಹಾದ ಹೊತ್ತಿಗೆ ನೀಡಿದ ಆದೇಶದನ್ವಯ ಈ ಅರ್ಜಿ.

ಇಂದ:
ಓಂಪ್ರಕಾಶ, ತಮ್ಮ ಭಾವನವರ ಮಗ,
ಅರಿಷಿಣದ ವ್ಯಾಪಾರಿ, ಸ್ಪೀಕರ್ ರಿಪೇರಿ ಸ್ವಂತ ಬುದ್ಧಿಯಿಂದ ಕಲಿತವನು,
ವಿಶ್ರಾಮಬಾಗ, ಸಾಂಗಲಿ.

ಗೆ:
ಶ್ರೀಮತಿ ಅನುಸೂಯಾಬಾಯಿ ಕಾಕು,
ದೇವರಮನೆ ಹಾಗೂ ಅಡುಗೆಮನೆಯ ಮುಖ್ಯಾಧಿಕಾರಿಗಳು,
ಅದೇ ಮನೆ.

ವಿಷಯ: ಲಿಂಗೈಕ್ಯ ಕಾಕಾ ಅವರ ಹಳೆಯ ಪೆಟ್ಟಿಗೆಗಳಲ್ಲಿನ ದೊಡ್ಡ ಸ್ಪೀಕರುಗಳಿಗೆ, ಅಂದರೆ ವೂಫರುಗಳಿಗೆ, ಖಂಡೇನವಮಿಯ ಆಯುಧಪೂಜೆಯ ಎಣ್ಣೆಯಿಂದ ವಿನಾಯಿತಿ ನೀಡುವ ಹಾಗೂ ತಮ್ಮ ಕಿವಿಗಳನ್ನು ನಿರ್ದೋಷಿಗಳೆಂದು ಸಾರುವ ಬಗ್ಗೆ.

ಉಲ್ಲೇಖ:
೧. ಶ್ರಾವಣದಲ್ಲಿ ಭಜನೆಯ ಕ್ಯಾಸೆಟ್ ಕೇಳುತ್ತ ತಾವು ಆಡಿದ ಮಾತು: "ಡಗ್ಗಾ ಎಲ್ಲಿ ಹೋತೊ? ಬರೇ ಚಿಣ್ ಚಿಣ್ ಅಂತೈತಿ."
೨. ತಮ್ಮ ಮೊಮ್ಮಗ ಪ್ರಥಮೇಶನು ಮಿರಜಿನ ಕಿವಿ ಡಾಕ್ಟರರಲ್ಲಿ ನಾಳೆ ಹತ್ತು ಗಂಟೆಗೆ ಹಚ್ಚಿಸಿದ ನಂಬರು.

ಮಾನ್ಯ ಕಾಕು ಅವರೇ,

೧. ತಬಲಾದ ಜೊತೆಗಿನ ಡಗ್ಗಾದ ಗುಂಕಾರ ಕೇಳಿಸದ ಕಾರಣ ತಾವು ಕಿವಿ ಹೋದವೆಂದು ತೀರ್ಮಾನಿಸಿದಿರಿ. ಆದ್ದರಿಂದ ಸೋಮವಾರದ ಭಜನೆ ಬಿಟ್ಟಿರಿ. ಆದ್ದರಿಂದ ನಲವತ್ತು ವರ್ಷ ತಮ್ಮ ಕೈಯಲ್ಲಿದ್ದ ತಾಳಗಳನ್ನು ಪಕ್ಕದ ಮನೆಯ ಸಾವಂತ್ರವ್ವನವರಿಗೆ ಕೊಟ್ಟುಬಿಟ್ಟಿರಿ. ಅವರು ತಾಳ ಹಾಕುವುದನ್ನು ಕೇಳಿದ ಮೇಲೆ ಭಜನಾ ಮಂಡಳಿಯ ಉಳಿದವರೂ ಕಿವಿ ಡಾಕ್ಟರರ ವಿಳಾಸ ಕೇಳುತ್ತಿರುವುದು ತಿಳಿದುಬಂದಿದೆ.

೨. ಕಾರಣ ಅರ್ಜಿದಾರನು ತನಿಖೆ ಕೈಗೊಂಡನು. ಮಾಲಗಾಂವದ ಭರಮಣ್ಣನವರ ಸ್ಪೀಕರ್ ತಂದು ಜೋಡಿಸಿದಾಗ ಡಗ್ಗಾ ಬಂದಿತು. ಕಾರಣ ಆಂಪ್ಲಿಫೈಯರು ನಿರಪರಾಧಿ. ನಮ್ಮ ವೂಫರಿನ ತಂತಿಗೆ ಪೆನ್ಸಿಲ್ ಸೆಲ್ ಮುಟ್ಟಿಸಿದಾಗ ಕಾಗದದ ಕೋನು ಟಪ್ಪೆಂದು ಜಿಗಿಯಿತು. ಕಾರಣ ಒಳಗಿನ ತಂತಿಯ ಸುರುಳಿಗೂ, ಅಂದರೆ ಕಾಯಿಲಿಗೂ, ಜೀವವಿದೆ. ಕೊನೆಗೆ ಕೋನಿನ ಅಂಚನ್ನು ಹಿಡಿದಿರುವ ರಬ್ಬರ್ ಉಂಗುರವನ್ನು ಮುಟ್ಟಿದೆ. ಬೆರಳು ಕರ್ರಗಾಯಿತು. ಉಂಗುರ ಜೋನಿಬೆಲ್ಲದಂತಾಗಿ, ಕೋನು ಬಿಟ್ಟು ಜೋತುಬಿದ್ದಿತ್ತು. ಡಗ್ಗಾವನ್ನು ಹೊರಗೆ ತಳ್ಳಬೇಕಾದ ಗಾಳಿ ಆ ಸಂದಿಯಲ್ಲೇ ಸೋರಿಹೋಗುತ್ತಿತ್ತು.

೩. ಆದರೆ ಎರಡೂ ಉಂಗುರ ಮೇಲ್ಭಾಗದಲ್ಲಿ ಗಟ್ಟಿ, ಕೆಳಭಾಗದಲ್ಲಿ ಮಾತ್ರ ಕೊಳೆತಿದ್ದವು. ಇದೇನು ರೋಗವೆಂದು ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ! ಪ್ರಥಮೇಶನನ್ನು ಕೇಳಿದರೆ, "ಆಜೀ ದರವರ್ಷೀ ಲಾವತೇ ಕೀ!" ಎಂದು, ಅಂದರೆ ಅಜ್ಜಿ ಪ್ರತಿ ವರ್ಷ ಹಚ್ಚುತ್ತಾಳಲ್ಲ ಎಂದು, ಮರಾಠಿಯಲ್ಲಿ ತಮ್ಮ ಹೆಸರನ್ನೇ ಹೇಳಿ ಕೈತೊಳೆದುಕೊಂಡನು. ಆಗ ಹೋದ ಖಂಡೇನವಮಿಯಂದು ತಾವೇ ಅಂದದ್ದು ನೆನಪಾಯಿತು: "ಅಂಗಡಿ ತಕ್ಕಡಿಗೂ ಎಣ್ಣಿ, ಕತ್ತರಿಗೂ ಎಣ್ಣಿ. ಇವೇನ್ ಪಾಪ ಮಾಡ್ಯಾವ? ನಿಮ್ಮ ಕಾಕಾನ ಆಯುಧ ಇವ!" ಹಚ್ಚಿದ ಎಣ್ಣೆ ಕೆಳಕ್ಕಿಳಿಯುತ್ತದೆ. ಕಬ್ಬಿಣಕ್ಕೆ ಎಣ್ಣೆ ಔಷಧ, ರಬ್ಬರಿಗೆ ವಿಷ. ಇದನ್ನು ಬರೆಯಲು ಅರ್ಜಿದಾರನಿಗೆ ಮೂರು ಹಾಳೆ ಹರಿಯಬೇಕಾಯಿತು.

೪. ಅರ್ಜಿದಾರನೂ ಸಾಚಾ ಅಲ್ಲ. ಬಲಗಡೆಯ ಉಂಗುರ ಮೊದಲು ಸೀಳಿದಾಗ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, "ಇನ್ನ ಮೂವತ್ತ ವರ್ಷ ಕಾಳಜಿಲ್ಲ ಬಿಡ್ರಿ ಕಾಕು" ಎಂದು ಎದೆಯುಬ್ಬಿಸಿದವನು ನಾನೇ. ಆ ಬಿರುಸು ಟ್ಯೂಬಿನಿಂದಾಗಿ ಕೋನು, ಮದುವೆಯಲ್ಲಿ ಹಳೇ ಕೋಟು ತೊಟ್ಟ ಬೀಗರಂತೆ, ಉಸಿರಾಡಲಾಗದೆ ಕುಳಿತಿತ್ತು.

೫. ಈಗ ಮುಂಬಯಿಯಿಂದ ಹೊಸ ಉಂಗುರ ತರಿಸಿ, ನಾಲ್ಕು ದಿನ ಹಳೆಯ ಅಂಟು ಕೆರೆದು, ಕೂರಿಸಲಾಗಿದೆ. ಅಂಟು ಒಣಗುವವರೆಗೆ ಕೋನು ವಾಲದಂತೆ ಕಾಯಿಲಿನ ಸುತ್ತ ತೆಳ್ಳನೆಯ ಪಟ್ಟಿ ಸಿಕ್ಕಿಸಬೇಕಾಗುತ್ತದೆ. ಅದಕ್ಕಾಗಿ ತಮ್ಮ ಬಲ ಮೊಣಕಾಲಿನ ಎಕ್ಸ್‌ರೇ ಫಿಲ್ಮನ್ನು ಅನುಮತಿಯಿಲ್ಲದೆ ಕತ್ತರಿಸಲಾಗಿದೆ. ಎಡ ಮೊಣಕಾಲು ಸುರಕ್ಷಿತವಾಗಿದೆ.

ಆದ್ದರಿಂದ, ನಾಳೆ ಮಿರಜಿಗೆ ಹೊರಡುವ ಮುನ್ನ ತಾವು ಒಂದೇ ಒಂದು ಸಲ ಕ್ಯಾಸೆಟ್ ಕೇಳಬೇಕೆಂದೂ, ಡಗ್ಗಾ ಕೇಳಿಸಿದಲ್ಲಿ ಸಾವಂತ್ರವ್ವನವರಿಂದ ತಾಳಗಳನ್ನು ಮರಳಿ ಪಡೆದು ಮಂಡಳಿಯನ್ನು ಉಳಿಸಬೇಕೆಂದೂ, ನಾಡಿದ್ದಿನ ಪೂಜೆಯಲ್ಲಿ ವೂಫರುಗಳಿಗೆ ದೂರದಿಂದಲೇ ಹೂವು ತೋರಿಸಿ ಮುಂದೆ ಸಾಗಬೇಕೆಂದೂ ವಿನಂತಿ. ಎಣ್ಣೆ ಹಚ್ಚದೆ ತಮ್ಮ ಮನಸ್ಸಿಗೆ ಸಮಾಧಾನವಾಗದಿದ್ದಲ್ಲಿ ಅರ್ಜಿದಾರನ ತಲೆ ಲಭ್ಯವಿದೆ.

ತಮ್ಮ ವಿಶ್ವಾಸಿ,
ಓಂಪ್ರಕಾಶ

ಲಗತ್ತುಗಳು:
೧. ಕೊಳೆತ ಉಂಗುರ, ಎರಡು (ಮುಟ್ಟಿದವರು ಕೈ ತೊಳೆಯತಕ್ಕದ್ದು).
೨. ಮೊಣಕಾಲಿನ ಉಳಿದ ಭಾಗ.

ತಾ.ಕ.: "ಷರಾ ನೀನ ಬರಕೊ, ನನ್ನ ಕೈ ಹಿಟ್ಟಾಗೈತಿ" ಎಂದು ತಾವು ಅಪ್ಪಣೆ ಮಾಡಿದ್ದರಿಂದ, ಅರ್ಜಿ ಓದಿದ ನಂತರ ನಡೆದದ್ದನ್ನು ಇಲ್ಲಿಯೇ ದಾಖಲಿಸಿದೆ.

"ಅಂದ್ರ, ನಿಮ್ಮ ಕಾಕಾನ ಪೆಟ್ಟಿಗಿ ಕೆಡಿಸಿದಾಕಿ ನಾನ?"

"ಅರ್ಧಾ ತಪ್ಪ ನಂದೂ ಐತ್ರಿ ಕಾಕು."

"ಅರ್ಧಾ ಅಲ್ಲ, ಮುಕ್ಕಾಲ. ಎಣ್ಣಿ ಹಚ್ಚೂವಾಗ ಪಕ್ಕದಾಗ ಬಟ್ಲಾ ಹಿಡಕೊಂಡ ನಿಂತಾವ ನೀನ. ಹಚ್ಚು, ನೋಡೂಣು."

ಕ್ಯಾಸೆಟ್ ಹಚ್ಚಲಾಯಿತು. ಡಗ್ಗಾ ಗುಂ ಎಂದಿತು. ಸ್ವಲ್ಪ ಹೊತ್ತಿಗೆ ತಮ್ಮ ಹಿಟ್ಟಿನ ಕೈ ತೊಡೆಯ ಮೇಲೆ ತಾನಾಗಿ ತಾಳ ಹಾಕತೊಡಗಿ ಸೀರೆಯೆಲ್ಲ ಬೆಳ್ಳಗಾಯಿತು. ಎರಡನೆಯ ಭಜನೆಗೆ ತಿರುಗಿ ಗದರಿದಿರಿ:

"ಸಣ್ಣಗ ಮಾಡೊ ಮಾರಾಯಾ, ಕಿವಿ ಒಡದ ಹೋದಾವು!"

ಅರ್ಜಿದಾರನು ಗುಂಡಿಯನ್ನು ಎರಡು ಗೆರೆ ಕೆಳಕ್ಕೆ ತಿರುಗಿಸಿದನು.